ಎಡಕ್ಕೆ ವಾಲಿದ ಚಂದ್ರಗಳು

ಬೂಟುಗಳು, ಎರಡು ಜೊತೆ, ಒಂದು ಕಂದು, ಒಂದು ಕಪ್ಪು, ನೆಲಮಾಳಿಗೆಯ ಕಿಂಡಿಯಾಚೆ ಬಂದು ನಿಂತವು, ಕಂದು ಬೂಟಿನ ಲೇಸಿಗೆ ಎರಡೆರಡು ಗಂಟು, ಅಂದರೆ ಅಪ್ಪನ ಕ್ಲಬ್ಬಿನ ನೆವಿಲ್ ಶಾ, ಹ್ಯಾಲಿಫ್ಯಾಕ್ಸ್‌ನಲ್ಲಿ ಹಾಗೆ ಲೇಸು ಬಿಗಿಯುವವನು ಅವನೊಬ್ಬನೇ, ಕಪ್ಪು ಬೂಟು ವ್ಯಾನ್ ಓಡಿಸುವ ಕೆನ್‌ನದಿರಬೇಕು, ಬಂದೇಬಿಟ್ಟರು, ತಿಂಡಿಯ ಹೊತ್ತು ಕಳೆದ ಮೇಲೆ ಬರುತ್ತೇವೆ ಅಂದಿದ್ದರು, ಒಲೆಯ ಮೇಲೆ ಓಟ್ಸ್ ಗಂಜಿ ಇನ್ನೂ ಬಿಸಿಯಿದೆ — ಕೊಂಡುಹೋಗಲು ಬರುವವರಿಗೆ ಯಾವತ್ತೂ ಅವಸರ. ಬೆರಿಲ್ ಎಣ್ಣೆಬಟ್ಟೆ ಹಿಡಿದು ನಿಂತಲ್ಲೇ ನಿಂತಳು, ಕಬ್ಬಿಣ ಕಡೆಯುವ ಲೇತಿನ ಮೇಲಿನ ಉಣ್ಣೆ ಕಂಬಳಿಯನ್ನು ಅರ್ಧ ಸರಿಸಿದ್ದಳು, ಅದರ ಕೆಳಗೆ ಬೆಂಚಿನ ಅಡಿಯಲ್ಲಿ ಚಿಕ್ಕ ಬಲ್ಬು ಉರಿಯುತ್ತಲೇ ಇತ್ತು, ಹಗಲೂ ಉರಿಯುತ್ತದೆ ರಾತ್ರಿಯೂ ಉರಿಯುತ್ತದೆ, ನೆಲಮಾಳಿಗೆಯ ತೇವ ಕಬ್ಬಿಣಕ್ಕೆ ಹತ್ತಬಾರದೆಂದು, ಈ ಮನೆಯಲ್ಲಿ ಮನುಷ್ಯರಿಗೆ ಶೀತವಾದರೆ ಇನ್ನೊಂದು ಸ್ವೆಟರ್ ಹಾಕಿಕೊ ಅನ್ನುತ್ತಾರೆ, ಲೇತಿಗೆ ಮಾತ್ರ ದೀಪ ಬೇಕು, ಕಂಬಳಿ ಬೇಕು, ಅಮ್ಮ ಇದ್ದಾಗ ಅನ್ನುತ್ತಿದ್ದಳು ಆ ಕಂಬಳಿ ನನ್ನ ಮದುವೇದು ಕಣ್ರೀ, ಅದಕ್ಕಾದ್ರೂ ಬೆಚ್ಚಗಿರ್ಲಿ ಬಿಡಿ. ಬಂದ್ರೇನೇ, ಅಂದ ಅಪ್ಪ, ಟೋಪಿ ಮಫ್ಲರು ಹಾಕಿಕೊಂಡು ಲೇತಿನ ಪಕ್ಕದ ಕುರ್ಚಿಯಲ್ಲಿ ಕೂತು, ಬೆಳಗ್ಗೆಯೇ ಅವನನ್ನು ಕಲ್ಲಿನ ಮೆಟ್ಟಿಲಲ್ಲಿ ಹಿಂದುಹಿಂದಾಗಿ ಇಳಿಸಿ ತಂದು ಕೂರಿಸಿದ್ದಾಳೆ, ಕಣ್ಣಿಗೆ ಪೊರೆ ಬಂದಿದೆ, ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ, ಕಿವಿ ಮಾತ್ರ ಬೆಕ್ಕಿನದು. ಬಂದ್ರಪ್ಪ. ಹಾಗಾದ್ರೆ ಕಂಬಳಿ ತೆಗಿ, ಅವ್ನು ನೋಡ್ಲಿ. ತೆಗೀತಿದೀನಿ. ಹೋದ ಭಾನುವಾರ ಊಟಕ್ಕೆ ಕೂತಾಗ ಹೇಳಿದ್ದು, ಲೇತ್ ನೆವಿಲ್‌ಗೆ ಕೊಡ್ತೀನಂತ ಮಾತು ಕೊಟ್ಟಿದೀನಿ ಕಣೇ, ಅದು ಕೆಲ್ಸ ಮಾಡೋರ ಕೈಲಿರ್ಬೇಕು, ಗ್ರೇವಿ ಇತ್ತ ತಳ್ಳು — ಗ್ರೇವಿ ತಳ್ಳಿದಳು, ಬಾಯಿಗೆ ಬಂದ ಮಾತು ಆಲೂಗಡ್ಡೆಯ ಜೊತೆ ಹೊಟ್ಟೆಗೆ ಹೋಯಿತು, ನಾನೇನು ಮಾಡ್ತಿರೋದಪ್ಪ ಇಲ್ಲಿ ದಿನಾ ಸಂಜೆ, ಕಾರ್ಪೆಟ್ ಗಿರಣಿಯ ಆಫೀಸಿನಿಂದ ಬಂದು ಏಪ್ರನ್ ಕಟ್ಟಿಕೊಂಡು ಈ ಮೆಟ್ಟಿಲಿಳಿಯೋದು ಆಟಕ್ಕಾ, ಕೇಳಲಿಲ್ಲ, ಕೇಳದೆಯೇ ಗೊತ್ತಾಗಬೇಕಿತ್ತು ಅವನಿಗೆ, ಅದೇ ಅವಳ ಸಿಟ್ಟು. ಆಮೇಲೆ ಆರು ದಿನ ಸಿಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಕೊನೆಗೆ ಅದನ್ನು ಇಷ್ಟು ಸಣ್ಣದು ಮಾಡಿಕೊಂಡಿದ್ದಾಳೆ: ಲೇತ್ ಹೋಗಲಿ, ಬೇಕಾದರೆ ಹೋಗಲಿ, ಆದರೆ ಹೋಗುವ ಮುನ್ನ ಅಪ್ಪ ನೆವಿಲ್‌ನ ಎದುರಿಗೆ ಒಂದು ಮಾತು ಹೇಳಬೇಕು, ಒಂದೇ ಮಾತು, ಇದನ್ನ ಕೆರೆದು ನೆಟ್ಟಗೆ ಮಾಡಿದ್ದು ನಮ್ಮ ಬೆರಿಲ್ ಅಂತ. ಅವನು ಮರೆತಿದ್ದಾನೆ, ಮರೆತೇ ಬಿಟ್ಟಿದ್ದಾನೆ ಪಾಪ, ನೆನಪಿಸಿದರೆ ಹೇಳುತ್ತಾನೆ, ಹೇಳಿಸುತ್ತೇನೆ.

ಕಂಬಳಿ ಪೂರ್ತಿ ಜಾರಿತು, ಬೆಡ್ಡು, ಸ್ಲೈಡು ಓಡಾಡುವ ಉದ್ದನೆಯ ಕಬ್ಬಿಣದ ಹಾಸು, ಮಿಂಚಿತು, ಉದ್ದಕ್ಕೂ ಸಣ್ಣ ಸಣ್ಣ ಅರ್ಧಚಂದ್ರಗಳು, ಸಾಲು ಸಾಲು, ಎಲ್ಲವೂ ಎಡಕ್ಕೆ ವಾಲಿದವು, ಎಣ್ಣೆಯ ತೆಳುಪೊರೆಯ ಕೆಳಗೆ ಕಿಂಡಿಯ ಬೆಳಕು ಹಿಡಿದುಕೊಂಡು — ಎಷ್ಟು ಸಲ ನೋಡಿದರೂ ಎದೆ ಒಂದು ಕ್ಷಣ ನಿಲ್ಲುತ್ತದೆ, ಮಕ್ಕಳಿದ್ದವರಿಗೆ ಮಕ್ಕಳನ್ನು ನೋಡಿದರೆ ಹೀಗಾಗುತ್ತದೇನೋ, ಅವಳಿಗೆ ಗೊತ್ತಿಲ್ಲ. ಟಾಡ್‌ಮರ್ಡನ್‌ನಲ್ಲಿ ಮೊದಲು ನೋಡಿದಾಗ ಇದೆಲ್ಲ ಎಲ್ಲಿತ್ತು, ಗುಜರಿ, ಶುದ್ಧ ಗುಜರಿ, ಒಬ್ಬ ವಿಧವೆಯ ಕೋಳಿಗೂಡಿನ ಪಕ್ಕದ ಶೆಡ್ಡಿನಲ್ಲಿ, ಅಪ್ಪ ಮಗಳು ಬಸ್ಸು ಹಿಡಿದು ಹೋಗಿದ್ದರು, ಸ್ಯಾಂಡ್‌ವಿಚ್ ಕಟ್ಟಿಕೊಂಡು, ಅವಳಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ, ಬಣ್ಣ ನೋಡ್ಬೇಡ ಕಣೇ, ಬಣ್ಣ ಯಾರು ಬೇಕಾದ್ರೂ ಬಳೀತಾರೆ, ಮಾರೋಕೆ ಮುಂಚೆ ಎಲ್ರೂ ಬಳಿಯೋದು ಅದನ್ನೇ, ಕಣ್ಮುಚ್ಕೊಂಡು ಸ್ಲೈಡು ತಳ್ಳು, ಈ ತುದಿಯಿಂದ ಆ ತುದಿಗೆ, ಕೈ ಏನ್ ಹೇಳುತ್ತೆ ಹೇಳು. ಚಕ್ಕಿನ ಹತ್ರ ಸಡಿಲ ಅಪ್ಪ, ಆ ತುದೀಲಿ ಬಿಗಿ. ಹೌದಾ, ಯಾಕೆ ಹಾಗೆ. ಅವಳು ಯೋಚಿಸಿದಳು, ಕೋಳಿಗಳು ಕೊಕ್ಕೊಕ್ ಅನ್ನುತ್ತಿದ್ದವು, ತುಂಡು ಕಚ್ಚಿ ತಿರುಗ್ಸೋದು ಚಕ್ಕೇ ಅಲ್ವಾ, ಕೆಲ್ಸ ಎಲ್ಲಾ ಅದ್ರ ಹತ್ರಾನೇ ಆಗೋದು, ಅಲ್ಲೇ ಸವೆದಿದೆ. ಅಪ್ಪ ನಕ್ಕಿದ್ದ, ತಲೆಯ ಮೇಲೆ ಮೊಟಕಿದ್ದ, ಆ ವಿಧವೆಗೆ ಕೇಳುವಂತೆ ಹೇಳಿದ್ದ, ನಮ್ ಎಡಚಿಗೆ ತಲೆ ಐತೆ ಕಣ್ರೀ, ಕಬ್ಬಿಣ ಮಾತಾಡೋದು ಕೇಳ್ಸುತ್ತೆ ಅವಳಿಗೆ — ಅಷ್ಟು ಸಾಕಿತ್ತು, ಆ ಒಂದು ಮಾತಿನ ಮೇಲೆ ಅವಳು ಎಷ್ಟು ವರ್ಷ ಬದುಕಿದಳು, ನೆನೆದರೆ ನಾಚಿಕೆ. ಹೊಸದೇ ಕೊಳ್ಳಬಹುದಿತ್ತು, ಪುಟಾಣಿ ಯಂತ್ರ ಮಾಡುವವರ ಆ ಕ್ಲಬ್ಬಿನವರೆಲ್ಲ ಹೊಸದೇ ಕೊಂಡಿದ್ದರು, ಅಪ್ಪ ಮಾತ್ರ, ಹೊಸ ಲೇತ್ ಹಸಿ ಇರುತ್ತೆ, ಎರಕದ ಕಬ್ಬಿಣ ಹಳೇದಾದಷ್ಟೂ ಬಾಗೋದು ತಿರುಚೋದು ಬಿಡುತ್ತೆ, ಇದು ಆಗ್ಲೇ ಬೇಕಾದಷ್ಟು ತಿರುಚ್ಕೊಂಡು ಸುಮ್ನಾಗಿದೆ, ಇದನ್ನ ಕೆರೆದು ನೆಟ್ಟಗೆ ಮಾಡಿದ್ರೆ ಇನ್ನು ಯಾವತ್ತೂ ಕೈಕೊಡಲ್ಲ, ಅಂದಿದ್ದ. ಕೆರೆಯುವುದು ಅವನೇ ಅಂತ ಲೆಕ್ಕ. ಯಂತ್ರ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಅವನು, ಅದೇ ಕಸುಬು. ಆದರೆ ಆ ವರ್ಷವೇ ಬೆರಳು ಬೆಳ್ಳಗಾಗತೊಡಗಿದವು, ಬಲಗೈಯವು, ಅದುರುವ ಸಾಣೆ ಗ್ರೈಂಡರ್ ಹಿಡಿದೂ ಹಿಡಿದೂ, ಚಳಿ ಬಿದ್ದರೆ ಸಾಕು ಮೇಣದ ಹಾಗೆ, ಚಮಚ ಹಿಡಿದರೆ ಬೀಳುವುದು, ಷರಟಿನ ಗುಂಡಿ ಅಮ್ಮ ಹಾಕುತ್ತಿದ್ದಳು, ಇದನ್ನು ಕಾರ್ಖಾನೆಯಲ್ಲಿ ಯಾರಿಗೂ ಹೇಳ್ಬೇಡಿ ಅಂದಿದ್ದ, ಮನೆ ಮಂದಿಯೆಲ್ಲ ಬಾಯಿ ಮುಚ್ಚಿಕೊಂಡಿದ್ದರು, ಈ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಅಲ್ಲಿಂದಲೇ ಶುರು.

ನೀನು ಹಿಡಿ, ಅಂದ. ಹಳೆಯ ಅರದ ತುದಿಯನ್ನು ಸಾಣೆ ಹಿಡಿದು ತಾನೇ ಮಾಡಿಕೊಂಡ ಉಳಿ, ಮರದ ಹಿಡಿ ಅವನ ಅಂಗೈಗೆ ಸವೆದದ್ದು, ಅವಳ ಎಡಗೈಯಲ್ಲಿ ಹೇಗೆ ಹಿಡಿದರೂ ಒತ್ತುತ್ತಿತ್ತು, ಮೊದಲ ತಿಂಗಳು ಬೊಬ್ಬೆ, ಆಮೇಲೆ ಜಡ್ಡು. ಬಲಗೈಲಿ ಪ್ರಯತ್ನ ಮಾಡ್ಲಾ ಅಪ್ಪ. ಬೇಡ, ನಿನ್ ಕೈ ಯಾವುದೋ ಅದ್ರಲ್ಲೇ ಮಾಡು, ಕಬ್ಬಿಣಕ್ಕೇನು ಗೊತ್ತು ಎಡ ಬಲ — ಹೀಗೆಲ್ಲ ಹೇಳುವ ಅಪ್ಪನೇ ಅವನು, ಅದಕ್ಕೇ ಅಲ್ಲವೇ ಇಷ್ಟು ನೋವು, ಕೆಟ್ಟವನಾಗಿದ್ದರೆ ಎಂದೋ ಬಿಟ್ಟುಹೋಗಬಹುದಿತ್ತು. ಶಾಲೆಯಲ್ಲಿ ಆಗ್ಡನ್ ಟೀಚರು ಎಡಗೈಯ ಗೆಣ್ಣಿನ ಮೇಲೆ ಅಡಿಪಟ್ಟಿಯ ಅಂಚಿನಿಂದ ಹೊಡೆಯುತ್ತಿದ್ದಾಗ, ಎಡಗೈಲಿ ಬರೆದರೆ ಹೊಡೆತ, ಎಡಗೈಲಿ ಕತ್ತರಿ ಹಿಡಿದರೆ ಹೊಡೆತ, ಒಂದು ದಿನ ಅಪ್ಪ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತು ಟೋಪಿ ತೆಗೆದಿದ್ದ, ಟೀಚರೇ, ಆ ಕೈ ನನಗೆ ಬೇಕಾದ್ದು, ಮುಟ್ಬೇಡಿ. ಅದರ ನಂತರ ಯಾರೂ ಮುಟ್ಟಲಿಲ್ಲ. ಆ ಕೈಯಲ್ಲೇ ಎರಡು ಚಳಿಗಾಲ ಬೆಡ್ಡು ಕೆರೆದಳು, ಸಮತಟ್ಟಾದ ಎರಕದ ಹಲಗೆಗೆ ನೀಲಿ ಬಳಿಯುವುದು, ಬೆಡ್ಡಿನ ಮೇಲೆ ಉಜ್ಜುವುದು, ಉಬ್ಬಿದ ಕಡೆ ನೀಲಿ ಹತ್ತುತ್ತದೆ, ನೀಲಿ ಹತ್ತಿದಲ್ಲಿ ಮಾತ್ರ ಕೆರೆಯುವುದು, ಒರೆಸುವುದು, ಮತ್ತೆ ಬಳಿಯುವುದು, ಮತ್ತೆ, ಮತ್ತೆ, ಉಗುರಿನ ಸಂದಿಯ ನೀಲಿ ಸೋಪಿಗೆ ಹೋಗುತ್ತಿರಲಿಲ್ಲ, ಆ ಕೈಲಿ ನಿನ್ನನ್ನ ಯಾರು ಕಟ್ಕೋತಾರೆ ಅಂದಳು ಅಮ್ಮ, ಟ್ರೆವರ್ ಕಟ್ಟಿಕೊಳ್ಳುತ್ತೇನೆ ಅಂದಿದ್ದ, ಬಸ್ಸಿನ ಕಂಡಕ್ಟರು, ಒಳ್ಳೆಯವನು, ಸಿನಿಮಾದ ಕತ್ತಲಲ್ಲಿ ಆ ನೀಲಿ ಬೆರಳುಗಳನ್ನೇ ಹಿಡಿದುಕೊಂಡಿದ್ದ, ಭಾನುವಾರ ಬರ್ತೀಯಾ ಬೆರಿಲ್, ಭಾನುವಾರ ಆಗಲ್ಲ, ಬೆಡ್ಡು ಅರ್ಧಕ್ಕೆ ನಿಂತಿದೆ, ಅರ್ಧಕ್ಕೆ ಬಿಟ್ಟರೆ ನೀಲಿ ಒಣಗುತ್ತೆ — ಒಣಗಿದ್ದು ಟ್ರೆವರ್, ಎಷ್ಟು ಭಾನುವಾರ ಕಾಯುತ್ತಾನೆ. ಕೊನೆಯಲ್ಲಿ, ಎಲ್ಲ ಸಮವಾದ ಮೇಲೆ, ಎಣ್ಣೆ ನಿಲ್ಲಲಿ ಎಂದು ಮೇಲ್ಮೈಯಲ್ಲಿ ಚಂದ್ರಗಳನ್ನು ಹೊಡೆಯಬೇಕು, ಉಳಿಯನ್ನು ಮಣಿಕಟ್ಟಿನಿಂದ ಒಂದೇ ಸಲ ಚಿಮ್ಮಿಸಿ, ಅದೊಂದು ಲಯ, ಟಿಕ್ ಟಿಕ್ ಟಿಕ್, ಬಲಗೈಯವರು ಹೊಡೆದರೆ ಬಲಕ್ಕೆ ವಾಲುತ್ತವೆ, ಅವಳವು ಎಡಕ್ಕೆ. ಅಪ್ಪ ಆಗ ಕಣ್ಣಿದ್ದವನು, ಬಗ್ಗಿ ನೋಡಿದ್ದ, ತುಂಬ ಹೊತ್ತು ನೋಡಿ ಮೂಗು ಒರೆಸಿಕೊಂಡು, ಇಂಥದು ನಾನೂ ಹೊಡ್ದಿಲ್ಲ ಕಣೇ, ಅಂದಿದ್ದ. ಅಂದಿದ್ದ ತಾನೇ, ಇದೇ ಬೆಂಚಿನ ಮುಂದೆ.

ಆಮೇಲೆ ಚರ್ಚಿನ ಹಾಲಿನಲ್ಲಿ ಕ್ಲಬ್ಬಿನ ವಾರ್ಷಿಕ ಪ್ರದರ್ಶನ, ಪುಟಾಣಿ ಉಗಿಬಂಡಿಗಳು, ಪುಟಾಣಿ ಬಾಯ್ಲರುಗಳು, ಗಂಡಸರು ಟೈ ಕಟ್ಟಿಕೊಂಡು ಒಬ್ಬರ ಬೋಲ್ಟನ್ನು ಇನ್ನೊಬ್ಬರು ಮೂಸಿ ನೋಡುವ ದಿನ, ಬೆಡ್ಡಿನ ಹಾಗೆಯೇ ಅವಳು ಕೆರೆದ ಸ್ಲೈಡನ್ನು ಅಪ್ಪ ಬಿಚ್ಚಿ ಪೇಪರಿನಲ್ಲಿ ಸುತ್ತಿ ಒಯ್ದಿದ್ದ, ಹಸಿರು ಬಟ್ಟೆಯ ಮೇಲೆ ಇಟ್ಟಿದ್ದರು, ಪಕ್ಕದಲ್ಲಿ ಚೀಟಿ, ಕೈಯಿಂದ ಕೆರೆದದ್ದು, ವಿಲ್ಫ್ರೆಡ್ ಹೆಲಿವೆಲ್, ಅಪ್ಪನ ಹೆಸರು. ಅವಳು ಹಾಲಿನ ಇನ್ನೊಂದು ತುದಿಯಲ್ಲಿ ಚಹಾ ಮೇಜಿನ ಹಿಂದೆ, ಹೆಂಗಸರಿಗೆ ಕ್ಲಬ್ಬಿನ ಸದಸ್ಯತ್ವ ಇರಲಿಲ್ಲ, ಚಹಾ ಇತ್ತು, ದೊಡ್ಡ ಕೆಟಲಿನಿಂದ ಸುರಿದೂ ಸುರಿದೂ ತೋಳು ಸೋತಿತ್ತು. ಕ್ಲಬ್ಬಿನೋರು ಒಪ್ಪಲ್ಲ ಕಣೇ, ನಿನ್ ಹೆಸರು ಹಾಕಿದ್ರೆ ತಮಾಷೆ ಅಂದ್ಕೋತಾರೆ, ನಾವಿಬ್ರಿಗೂ ಗೊತ್ತಲ್ಲ, ಸಾಕು, ಅಂದಿದ್ದ ಹಿಂದಿನ ದಿನ. ನಾವಿಬ್ಬರಿಗೂ ಗೊತ್ತು, ಆಗ ಅದು ಚೀಟಿಗಿಂತ ದೊಡ್ಡದು ಅನಿಸಿತ್ತು, ಗುಟ್ಟು, ಅಪ್ಪ ಮಗಳ ಗುಟ್ಟು, ನೆವಿಲ್ ಶಾ ಕಪ್ಪು ಮೀಸೆಯ ಕಾಲದವನು ಮೇಜಿನ ಬಳಿ ಬಂದು, ನಿಮ್ಮಪ್ಪನ ಕೈ ಬಂಗಾರ ತಾಯಿ, ಎರಡು ಚಮಚ ಸಕ್ಕರೆ, ಅಂದಾಗ ಒಳಗೊಳಗೇ ನಕ್ಕಿದ್ದಳು, ದಡ್ಡಿ, ನಕ್ಕಿದ್ದಳು. ಅಪ್ಪನಿಗೆ ಬೆಳ್ಳಿ ಬಟ್ಟಲು ಕೊಟ್ಟರು. ಆ ಬಟ್ಟಲಲ್ಲಿ ಈಗ ರಬ್ಬರ್ ಬ್ಯಾಂಡುಗಳಿವೆ. ಮತ್ತೆ ವರ್ಷ ಕಳೆದ ಹಾಗೆ ಅಪ್ಪ ಆ ಕಥೆಯನ್ನು ಹೇಳುತ್ತಾ ಹೋದ, ಪಬ್ಬಿನಲ್ಲಿ, ಕ್ಲಬ್ಬಿನಲ್ಲಿ, ಕೊನೆಗೆ ಮನೆಯಲ್ಲೇ, ಅವಳ ಎದುರಿಗೇ, ನಾನು ಆ ಬೆಡ್ಡು ಕೆರೆದಾಗ ಎರಡು ಚಳಿಗಾಲ ಹಿಡೀತು ನೋಡು, ಮೊದಲ ಸಲ ಕೇಳಿದಾಗ ಕೈಲಿದ್ದ ತಟ್ಟೆ ಸಿಂಕಿನಲ್ಲಿ ಬಿಟ್ಟಿದ್ದಳು, ಮುಖ ನೋಡಿದ್ದಳು, ಅಲ್ಲಿ ಏನೂ ಇರಲಿಲ್ಲ, ಕಳ್ಳತನ ಇರಲಿಲ್ಲ, ನಿಜವಾಗಿ ನಂಬಿದ್ದವನ ಮುಖ. ವಯಸ್ಸಾಯ್ತು, ಹೇಳೀ ಹೇಳೀ ತಾನೇ ನಂಬಿಕೊಂಡ, ಪಾಪ, ಸುಳ್ಳು ಹೇಳುವವನಲ್ಲ ಅವನು — ಹೀಗೆ ಅಂದುಕೊಂಡೇ ಕ್ಷಮಿಸಿದ್ದು, ದಿನಾ ಒಂದಿಷ್ಟು, ಲೇತಿಗೆ ದಿನಾ ಎಣ್ಣೆ ಒರೆಸುವ ಹಾಗೆ, ಒಂದು ದಿನ ಬಿಟ್ಟರೂ ತುಕ್ಕು ಹಿಡಿಯುವುದು ಗೊತ್ತಿತ್ತು ಅವಳಿಗೆ.

ಏನ್ ಯಜಮಾನ್ರೇ, ರೆಡೀನಾ, ನೆವಿಲ್ ಬಗ್ಗಿ ಬಂದ, ಮೆಟ್ಟಿಲ ಬಳಿ ತೊಲೆಗೆ ತಲೆ ಬಡಿಸಿಕೊಂಡ, ಎಲ್ಲರೂ ಬಡಿಸಿಕೊಳ್ಳುವ ತೊಲೆ ಅದು, ಹಿಂದೆ ಕೆನ್, ಹಗ್ಗ, ಎರಡು ಹಲಗೆ. ನೆವಿಲ್‌ನ ಮೀಸೆ ಈಗ ಬೆಳ್ಳಗಾಗಿದೆ, ಕ್ಲಬ್ಬಿನ ಕಾರ್ಯದರ್ಶಿ, ಮನೆಯ ಹಿತ್ತಲಲ್ಲಿ ಹೀಟರ್ ಹಾಕಿದ ಕಾರ್ಯಾಗಾರ, ಎರಡು ಉಗಿಬಂಡಿ ಮುಗಿಸಿದ್ದಾನೆ, ಮೂರನೆಯದಕ್ಕೆ ಒಳ್ಳೆಯ ಲೇತ್ ಬೇಕಂತೆ. ಬಾರಯ್ಯಾ ಬಾ, ನೋಡು, ಕಣ್ತುಂಬ ನೋಡ್ಕೋ, ಅಂದ ಅಪ್ಪ, ಕುರ್ಚಿಯಲ್ಲಿ ನೆಟ್ಟಗಾಗಿ, ಇನ್ಮೇಲೆ ನಿಂದೇ. ಹಿತ್ತಾಳೆ ಫಲಕ ಕೆತ್ತಿಸೋಕೆ ಕೊಟ್ಟಿದೀನಿ ವಿಲ್ಫ್, ಅಂದ ನೆವಿಲ್, ಮುಂದ್ಗಡೆ ಹಾಕ್ತೀನಿ, ಕೈಯಿಂದ ಕೆರೆದವರು ವಿಲ್ಫ್ರೆಡ್ ಹೆಲಿವೆಲ್ ಅಂತ, ಬಂದೋರೆಲ್ಲ ಓದ್ಲಿ. ಓ, ಅದೆಲ್ಲ ಯಾಕಯ್ಯ, ಅಂದ ಅಪ್ಪ, ಬಾಯಿ ಕಿವಿಯವರೆಗೆ — ಫಲಕ, ಅದಕ್ಕೇನಾ, ಅದಕ್ಕೇನಾ ಕೊಡುತ್ತಿರುವುದು, ಕಬ್ಬಿಣ ಕೊಟ್ಟು ಹೆಸರು ಕೊಂಡುಕೊಂಡ, ಬೆಂಚಿನ ಮೂಲೆಯ ಟಾಫಿ ಡಬ್ಬಿ ಕಣ್ಣಿಗೆ ಬಿತ್ತು, ಅದರೊಳಗೆ ಅವಳೇ ಲೇತಿನಲ್ಲಿ ಮಾಡುತ್ತಿರುವ ಗಡಿಯಾರ, ಇನ್ನೂ ಗಡಿಯಾರವಾಗದ ಗಡಿಯಾರ, ಹಿತ್ತಾಳೆಯ ಹಲ್ಲುಚಕ್ರಗಳು ಹತ್ತಿಯಲ್ಲಿ ಸುತ್ತಿಟ್ಟವು, ಕೊನೆಯ ಚಕ್ರ ಬಾಕಿ, ಲೇತ್ ಹೋದರೆ ಅದು ಬಾಕಿಯೇ. ನೆವಿಲ್ ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡ, ಬರಿಗೈ, ಅಯ್ಯೋ ಬೇಡ, ಅವನದು ತುಕ್ಕು ಕೈ, ಕೆಲವರ ಬೆವರು ಹಾಗೆ, ಮುಟ್ಟಿದ ಕಬ್ಬಿಣ ಬೆಳಗಾಗುವುದರೊಳಗೆ ಕಂದಾಗುತ್ತದೆ, ಕಾರ್ಖಾನೆಯಲ್ಲಿ ಅಂಥವರನ್ನು ಅಳತೆಯ ಉಪಕರಣಗಳ ಹತ್ತಿರ ಬಿಡುವುದಿಲ್ಲ, ಒಂದು ಸಲ ಕ್ಲಬ್ಬಿನವರು ಮನೆಗೆ ಬಂದಾಗ ನೆವಿಲ್ ಸ್ಲೈಡಿನ ಮೇಲೆ ಹೆಬ್ಬೆರಳಿಟ್ಟು ಮಾತಾಡುತ್ತಾ ನಿಂತಿದ್ದ, ಮರುದಿನ ನೋಡಿದರೆ ಹೆಬ್ಬೆರಳಿನ ಗೆರೆಗೆರೆಯೂ ಎದ್ದಿತ್ತು, ತುಕ್ಕಿನಲ್ಲಿ, ಮೂರು ಚಂದ್ರಗಳನ್ನು ಕೆರೆದು ಮತ್ತೆ ಹೊಡೆಯಬೇಕಾಯಿತು, ಅಂದಿನಿಂದ ಅವನು ಬಂದಾಗಲೆಲ್ಲ ಅವಳು ಎಣ್ಣೆಬಟ್ಟೆ ಹಿಡಿದು ಅವನ ಹಿಂದೆಯೇ, ಅವನು ಮುಟ್ಟಿದಲ್ಲೆಲ್ಲ ಒರೆಸುತ್ತಾ, ನಿಮ್ಮ ಮಗಳಿಗೆ ಸ್ವಚ್ಛತೆ ಜಾಸ್ತಿ ವಿಲ್ಫ್, ಅನ್ನುತ್ತಿದ್ದ. ಈಗಲೂ ಕೈ ತಾನಾಗಿ ಮುಂದೆ ಹೋಗಿ ಅವನ ಬೆರಳ ಹಿಂದೆ ಹಿಂದೆ ಒರೆಸಿತು. ಹೇಳು, ಈಗ ಹೇಳು. ಅಪ್ಪ, ಅಂದಳು, ಈ ಬೆಡ್ಡು ಕೆರೆದ ಕಥೆ ನೆವಿಲ್ ಅವ್ರಿಗೆ ಸರಿಯಾಗಿ ಹೇಳು, ಆಗ ನಿನ್ ಬೆರಳು ಹೇಗಿತ್ತು, ಯಾರ್ಯಾರು ಏನೇನು ಮಾಡಿದ್ರು. ಅದೇನು ಹೇಳೋದು, ಅವ್ನಿಗೆ ಗೊತ್ತಿರೋದೇ, ಅಂದ ಅಪ್ಪ, ನೀನು ಹೋಗಿ ಚಹಾ ತಾ.

ಹೋಗಲಿಲ್ಲ, ಮೊದಲ ಮೆಟ್ಟಿಲಿನ ತನಕ ಹೋಗಿ ನಿಂತಳು, ಯಾಕೆಂದರೆ ನೆವಿಲ್ ಬಗ್ಗಿದ್ದ, ಕನ್ನಡಕ ಹಣೆಗೇರಿಸಿ, ಮೂಗು ಬೆಡ್ಡಿಗೆ ತಾಗುವಷ್ಟು ಬಗ್ಗಿದ್ದ, ತನ್ನದಾಗುವ ವಸ್ತುವನ್ನು ಜನ ಬೇರೆಯೇ ಕಣ್ಣಿನಿಂದ ನೋಡುತ್ತಾರೆ, ಇಷ್ಟು ವರ್ಷ ಹೊಗಳಿದ, ಈಗ ನೋಡಿದ. ವಿಲ್ಫ್. ಏನಯ್ಯಾ. ಈ ಚಂದ್ರಗಳು ಎಡಕ್ಕೆ ವಾಲಿವೆ. ಬಲಗೈಯೋರು ಹೊಡೆದ್ರೆ ಹೀಗೆ ಬರಲ್ಲ ವಿಲ್ಫ್, ಇದು ಎಡಗೈಯೋರ ಕೆಲ್ಸ, ನೀವು ಬಲಗೈಯೋರಲ್ವಾ — ಕಬ್ಬಿಣವೇ ಹೇಳಿಬಿಟ್ಟಿತಲ್ಲ, ಅವಳು ಬಾಯಿ ಬಿಡಬೇಕಾಗಿಯೇ ಇಲ್ಲ, ಇನ್ನು ಅವನು ಹಣೆ ಉಜ್ಜಿಕೊಳ್ಳುತ್ತಾನೆ, ಅರೆ ಹೌದಲ್ಲ, ಅನ್ನುತ್ತಾನೆ, ಮರೆತೇ ಹೋಗಿತ್ತು ನೋಡು, ಅದು ಬೆರಿಲ್, ನಮ್ಮ ಎಡಚಿ, ಬಾರೇ ಇಲ್ಲಿ — ಅಪ್ಪ ಕುರ್ಚಿಯ ಕೈ ಹಿಡಿದ, ಮುಖವನ್ನು ಒಂದಿಷ್ಟೇ ಇಷ್ಟು, ಅವಳು ನಿಂತ ಕಡೆಗೆ ತಿರುಗಿಸಿದ, ಕಾಣದ ಕಣ್ಣು, ಕಿವಿ ಮೆಟ್ಟಿಲ ಕಡೆಗೆ, ಅವಳು ಹೋದಳೋ ಇದ್ದಾಳೋ ಎಂದು ಆಲಿಸುವ ಮುಖ, ಆಮೇಲೆ ಅಂದ, ಆವಾಗ ನನ್ ಬಲಗೈ ಬೆರಳು ಸತ್ತೋಗಿತ್ತಲ್ಲಯ್ಯಾ, ಏನ್ಮಾಡ್ಲಿ, ಕೆಲ್ಸ ನಿಲ್ಸೋಕಾಗುತ್ತಾ, ಎಡಗೈಲೇ ಕಲ್ತೆ, ಎರಡು ಚಳಿಗಾಲ ಹಿಡೀತು. ಸರಾಗ. ಒಂದು ತೊದಲಿಲ್ಲ. ಎಂದೋ ಹೊಲಿಸಿಟ್ಟ ಕೋಟು ತೆಗೆದು ಹಾಕಿಕೊಂಡ ಹಾಗೆ. ಓಹೋ, ಅಂದ ನೆವಿಲ್. ಓಹೋ, ಅಂದಿತು ಅವಳ ತಲೆಯೂ, ಓಹೋ, ಮರೆತಿಲ್ಲ, ಒಂದು ದಿನವೂ ಮರೆತಿಲ್ಲ, ಮರೆತವನಿಗೆ ಇಂಥ ಉತ್ತರ ಸಿದ್ಧವಿರುವುದಿಲ್ಲ, ಯಾರಾದರೂ ಒಂದು ದಿನ ಚಂದ್ರಗಳನ್ನು ನೋಡುತ್ತಾರೆ, ಕೇಳುತ್ತಾರೆ ಎಂದು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದನೋ, ಪಾಪ ಅಂದಳಲ್ಲ, ವಯಸ್ಸು ಅಂದಳಲ್ಲ, ದಿನಾ ಒರೆಸಿದಳಲ್ಲ — ನಂಬಿದ್ದವಳು ಅವಳು, ಅವನಲ್ಲ. ಆ ಕೈ ನನಗೆ ಬೇಕಾದ್ದು, ಮುಟ್ಬೇಡಿ. ಬೇಕಾಗಿತ್ತು, ಹೌದು. ತೆಗೆದುಕೊಂಡ. ಕೆಲಸವನ್ನು ತೆಗೆದುಕೊಂಡಾಗ ಸುಮ್ಮನಿದ್ದಳು, ಈಗ ಕೈಯನ್ನೇ ತೆಗೆದುಕೊಂಡ, ಆಗ್ಡನ್ ಟೀಚರು ಬರೀ ಹೊಡೆಯುತ್ತಿದ್ದಳು ಅಷ್ಟೇ.

ಚಹಾ ತಂದಳು, ಕಾಲು ತಂದವು, ಟ್ರೇ ಬೆಂಚಿನ ಮೇಲಿಟ್ಟಳು, ನೆವಿಲ್ ಬಟ್ಟಲು ಹಿಡಿದ, ಕೆಟಲು ಎತ್ತಿ ಸುರಿದಳು, ಎಡಗೈಯಿಂದ, ಬೇಕೆಂದು ಅಲ್ಲ, ಯಾವತ್ತೂ ಹಾಗೆಯೇ ಸುರಿಯುವುದು, ಚರ್ಚಿನ ಹಾಲಿನಲ್ಲಿ ಇವನಿಗೆ ವರ್ಷ ವರ್ಷ ಹೀಗೆಯೇ ಸುರಿದದ್ದು, ಈ ಸಲ ಅವನ ಕಣ್ಣು ಬಟ್ಟಲಿನಿಂದ ಕೆಟಲಿಗೆ ಹೋಯಿತು, ಕೆಟಲಿನಿಂದ ಕೈಗೆ, ಮಣಿಕಟ್ಟಿಗೆ, ತೋರುಬೆರಳ ಪಕ್ಕದ ಹಳೆಯ ಜಡ್ಡಿಗೆ, ಅಲ್ಲಿ ನಿಂತಿತು, ಆಮೇಲೆ ನಿಧಾನವಾಗಿ ಬೆಡ್ಡಿಗೆ, ಆಮೇಲೆ ಅವಳ ಮುಖಕ್ಕೆ. ಗೊತ್ತಾಯಿತು ಅವನಿಗೆ. ಪೂರ್ತಿ ಗೊತ್ತಾಯಿತು, ಅವನ ಕಿವಿ ಕೆಂಪಾದದ್ದು ಅವಳು ನೋಡಿದಳು. ಚಹಾ ತುಂಬಿ ಬಂತು, ಅವಳು ನಿಲ್ಲಿಸಿದಳು, ಕಾದಳು, ಹೇಳಯ್ಯಾ, ನೀನಾದರೂ ಹೇಳು, ನಿನ್ನ ಫಲಕದ ಹೆಸರು ಬದಲಾಯಿಸಬೇಕು ಅಷ್ಟೇ, ಇಷ್ಟೇ ಇಷ್ಟು ಹಿತ್ತಾಳೆ. ಎರಡು ಚಮಚ ಸಕ್ಕರೆ ತಾಯಿ, ಅಂದ ನೆವಿಲ್. ಸರಿ. ಹೇಳಿದರೆ ಲೇತ್ ಯಾರದು ಎಂಬ ಪ್ರಶ್ನೆ ಬರುತ್ತದೆ, ಅವನಿಗೆ ಮೂರನೆಯ ಉಗಿಬಂಡಿ ಮಾಡಬೇಕು, ಸರಿ. ಎರಡು ಚಮಚ ಹಾಕಿದಳು. ಕದಡಿ ಕೂಡ ಕೊಟ್ಟಳು. ಕೆನ್ ಬೋಲ್ಟು ಬಿಚ್ಚಿದ, ಎತ್ತಿ, ಒಂದು ಎರಡು ಮೂರು, ಲೇತಿನ ಕಾಲಡಿಯಿಂದ ಹಿತ್ತಾಳೆ ತಗಡಿನ ಚೂರುಗಳು ಕಲ್ಲಿನ ಮೇಲೆ ಉದುರಿದವು, ಇದೇನಿದು ಚೂರು, ಅಂದ ಕೆನ್, ಈ ಮನೆಯ ನೆಲ ಬೇಸಿಗೆಯಲ್ಲೊಂದು ಥರ ಚಳಿಯಲ್ಲೊಂದು ಥರ ಕೂರುತ್ತದೆ, ಅದಕ್ಕೆ ತಕ್ಕಂತೆ ಬೆಡ್ಡು ತಿರುಚದ ಹಾಗೆ ಅವಳು ವರ್ಷಕ್ಕೆರಡು ಸಲ ಬದಲಾಯಿಸುತ್ತಿದ್ದ ಚೂರುಗಳು, ಅದು ಬೇಡ, ನಮ್ದು ಕಾಂಕ್ರೀಟ್ ನೆಲ, ಅಂದ ನೆವಿಲ್, ಅವಳ ಮುಖ ನೋಡದೆ. ಹುಷಾರಯ್ಯಾ, ಹುಷಾರು, ತೊಲೆ ಬಡೀತು ನೋಡಿ, ಅಂದ ಅಪ್ಪ ಗಾಳಿಗೆ. ಕಂಬಳಿ ಹೊದಿಸಿದರು, ಅಮ್ಮನ ಕಂಬಳಿ, ಹಲಗೆಯ ಮೇಲೆ ಎಳೆದರು, ಮೆಟ್ಟಿಲ ನಡುವೆ ಕಂಬಳಿ ಜಾರಿತು, ಬೆಡ್ಡು ಬರಿದಾಯಿತು, ನೆವಿಲ್ ತಡೆಯಲು ಕೈ ಕೊಟ್ಟ, ಬೆವರಿದ್ದ, ಇಷ್ಟು ಚಳಿಯಲ್ಲೂ ಬೆವರಿದ್ದ, ಬರಿಗೈಯ ಹೆಬ್ಬೆರಳು ಬೆಡ್ಡಿನ ಮೇಲೆ ಒತ್ತಿ ಕೂತಿತು, ನಡುಭಾಗದಲ್ಲಿ, ಅವಳ ಕಣ್ಣಿನ ಎತ್ತರದಲ್ಲೇ, ಇತ್ತು, ಇನ್ನೂ ಇತ್ತು, ತೆಗೆದ, ತೇವದ ಗುರುತು ಚಂದ್ರಗಳ ಮೇಲೆ ಮಂಜಿನ ಹಾಗೆ ನಿಂತಿತು. ಎಣ್ಣೆಬಟ್ಟೆ ಅವಳ ಎಡಗೈಯಲ್ಲಿತ್ತು. ಕೈ ಮುಂದೆ ಹೋಯಿತು, ಅಭ್ಯಾಸ, ಅರ್ಧ ದಾರಿ ಹೋಯಿತು. ಕೈಯನ್ನು ಕರೆದುಕೊಂಡಳು, ಬಟ್ಟೆಯನ್ನು ಏಪ್ರನ್ ಜೇಬಿಗೆ ತುರುಕಿದಳು, ತಾನೇ ಕಂಬಳಿ ಎಳೆದು ಮುಚ್ಚಿದಳು, ಅಂಚನ್ನು ಚೆನ್ನಾಗಿ ಸಿಕ್ಕಿಸಿದಳು, ಗಾಳಿಯಾಡದ ಹಾಗೆ. ಥ್ಯಾಂಕ್ಸ್ ತಾಯಿ, ಅಂದ ನೆವಿಲ್, ಬೂಟುಗಳು ಮೇಲೆ ಹೋದವು, ಕಿಂಡಿಯಾಚೆ ಬಂದವು, ಕಂದು, ಕಪ್ಪು, ವ್ಯಾನಿನ ಬಾಗಿಲು, ಏರುಬೀದಿ, ಗೇರ್ ಬದಲಿಸಿದ ಸದ್ದು. ಬೆಂಚಿನಡಿ ಬಲ್ಬು ಬರಿಯ ಕಲ್ಲಿಗೆ ಬೆಳಕು ಬಿಡುತ್ತಾ ಉರಿಯುತ್ತಿತ್ತು. ಹೋಯ್ತೇನೇ, ಅಂದ ಅಪ್ಪ. ಹೋಯ್ತಪ್ಪ. ಅವನದು ತುಕ್ಕು ಕೈ, ಹಿಂದೆನೇ ಒರ್ಸಿ ಕಳ್ಸಿದೆ ತಾನೇ. ಒರ್ಸಿದೆ ಅಪ್ಪ, ಅಂದಳು, ಸರಾಗ, ಒಂದು ತೊದಲಿಲ್ಲ, ಅವಳಿಗೇ ಆಶ್ಚರ್ಯವಾಯಿತು — ಕಂಬಳಿಯ ಕೆಳಗೆ, ವ್ಯಾನಿನ ಕತ್ತಲಲ್ಲಿ, ಏರಿನಲ್ಲಿ ತಿರುಗುತ್ತಾ, ಹೆಬ್ಬೆರಳು, ಒಂದೊಂದು ಗೆರೆಯೂ, ಬೆಳಗಾಗುವುದರೊಳಗೆ, ಕಂದು, ಎಡಕ್ಕೆ ವಾಲಿದ ಚಂದ್ರಗಳ ಮೇಲೆ ಹೆಬ್ಬೆರಳು, ಎಡಕ್ಕೆ ವಾಲಿದ ಚಂದ್ರಗಳ ಮೇಲೆ